ಬ್ಯಾಟರಿ ಕಳಚಿದರೆ ಹರೆಯ

ಮುಂಬಯಿಯ ಕುರ್ಲಾದ ಕಾರ್ಖಾನೆಯಲ್ಲಿ ಹುಟ್ಟಿದ ಪ್ರೀಮಿಯರ್ ಪದ್ಮಿನಿ ಕಾರಿಗೆ ಗುಟ್ಟು ಎಂಬುದೇ ಇರಲಿಲ್ಲ. ಕಾರ್ಬೊರೇಟರಿಗೆ ಕಸ ಹೊಕ್ಕರೆ ಕೆಮ್ಮುತ್ತಿತ್ತು, ಚೋಕ್ ಎಳೆಯುವ ತನಕ ಹಟ ಹಿಡಿಯುತ್ತಿತ್ತು. ಡ್ರೈವರ್ ಬಾನೆಟ್ ಎತ್ತಿ, ಕಿವಿಗೊಟ್ಟು, ಸ್ಕ್ರೂವನ್ನು ಕಾಲು ಸುತ್ತು ತಿರುಗಿಸಿದರೆ ಸಮಾಧಾನ. 2003ರ ಅಕ್ಟೋಬರ್ 29ರಂದು ತಾರ್‌ದೇವ್ ಆರ್‌ಟಿಓದಲ್ಲಿ ನೋಂದಣಿಯಾದ ಕೊನೆಯ ಪದ್ಮಿನಿ ಟ್ಯಾಕ್ಸಿ, ಇಪ್ಪತ್ತು ವರ್ಷದ ಆಯುಷ್ಯ ತೀರಿಸಿ 2023ರಲ್ಲಿ ನಿವೃತ್ತವಾಯಿತು. ತನ್ನ ಮುಪ್ಪನ್ನು ಬಾಯಿಬಿಟ್ಟು ಹೇಳಿಕೊಳ್ಳುವ ಗಾಡಿಗಳ ಕಾಲ ಮುಂಬಯಿಯಲ್ಲಿ ಅಲ್ಲಿಗೆ ಮುಗಿಯಿತು.

ನನ್ನ ಹಳೆಯ ವ್ಯಾಗನ್‌ಆರ್ ಬಾಯಿ ಬಿಡುವ ಪೈಕಿಯಲ್ಲ. ಅದನ್ನು ಮಾತಾಡಿಸಲು ಧಾರಾವಿಯ 90 ಫೀಟ್ ರೋಡಿನ ಒಳಗಲ್ಲಿಗೇ ಹೋಗಬೇಕು. ಅಲ್ಲಿ ಗಾಡಿಯ ಮೂತಿ ಗ್ಯಾರೇಜಿನಲ್ಲಿ, ಬೆನ್ನು ಗಲ್ಲಿಯಲ್ಲಿ. ಚರ್ಮದ ಚೀಲಗಳ ಮೂಟೆ ಹೊತ್ತ ಕೈಗಾಡಿ ಬಂದಾಗೆಲ್ಲ ಎಲ್ಲರೂ ಸೇರಿ ಬಯ್ಯುತ್ತಾರೆ. ಕಲಬುರಗಿ ಕಡೆಯ ಮಿಸ್ತ್ರಿ ಸ್ಟಿಯರಿಂಗ್ ಕೆಳಗೆ ಪುಟ್ಟ ಯಂತ್ರವೊಂದನ್ನು ಚುಚ್ಚಿ ಮೊಬೈಲ್ ನನ್ನ ಮುಂದೆ ಹಿಡಿದರು. ಫ್ಯೂಯೆಲ್ ಟ್ರಿಮ್: ಪ್ಲಸ್ ಶೇ. 14.

“ಗಾಡಿಗಿ ವಯಸ್ಸಾಗ್ಯಾದ ಸರ. ಕಂಪ್ಯೂಟರ್ ಮುಚ್ಚಿಟ್ಟದ ಅಷ್ಟೇ.”

ಮುಚ್ಚಿಡುವ ಬಗೆ ಸೊಗಸಾಗಿದೆ. ಒಂದು ಗ್ರಾಂ ಪೆಟ್ರೋಲಿಗೆ 14.7 ಗ್ರಾಂ ಗಾಳಿ, ಇದು ಹದ. ಹೊಗೆಕೊಳವೆಯ ಆಕ್ಸಿಜನ್ ಸೆನ್ಸರ್ ಉಳಿದ ಆಮ್ಲಜನಕವನ್ನು ಮೂಸಿ, ಅರ್ಧ ವೋಲ್ಟಿನ ಆಚೀಚೆ ಏರಿಳಿಯುತ್ತ, ಪೆಟ್ರೋಲ್ ಸಾಲದು, ಹೆಚ್ಚಾಯಿತು ಎಂದು ಚಾಡಿ ಹೇಳುತ್ತಲೇ ಇರುತ್ತದೆ. ಕಂಪ್ಯೂಟರ್ ಕೂಡಲೇ ತಿದ್ದುತ್ತದೆ. ಪೆಟ್ರೋಲ್ ಚಿಮುಕಿಸುವ ಇಂಜೆಕ್ಟರ್ ಕಟ್ಟಿಕೊಂಡು ದಿನವೂ ಸಾಲದೆಂಬ ಚಾಡಿಯೇ ಬಂದರೆ, ಇದು ಇನ್ನು ಹೀಗೇ ಎಂದು ನೆನಪಿನಲ್ಲಿ ಬರೆದುಕೊಂಡು ಅಷ್ಟು ಹೆಚ್ಚೇ ಬಡಿಸುತ್ತದೆ. ಥ್ರಾಟಲಿಗೆ ಮಸಿ ಹಿಡಿದು ಗಾಳಿದಾರಿ ಕಿರಿದಾದರೆ ಅದಕ್ಕೂ ಬೇರೆ ಲೆಕ್ಕ. ಪೆಟ್ರೋಲಿನ ಈ ತಿದ್ದುಪಡಿಯೇ ಮಿಸ್ತ್ರಿ ತೋರಿಸಿದ ಫ್ಯೂಯೆಲ್ ಟ್ರಿಮ್; ಅದು ಶೇ. 25ರ ಆಸುಪಾಸಿಗೆ ಹೋದಾಗ ಮಾತ್ರ, ಬಹಳಷ್ಟು ಕಾರುಗಳಲ್ಲಿ, ಹಳದಿ ದೀಪ ಹತ್ತುತ್ತದೆ. ಅಲ್ಲಿಯ ತನಕ ಯಜಮಾನನಿಗೆ ಸುದ್ದಿಯಿಲ್ಲ.

ನನಗೂ ನನ್ನ ಸುದ್ದಿ ಗೊತ್ತಿರಲಿಲ್ಲವೆನ್ನಿ. ಏಳುವಾಗ ಗೋಡೆಗೆ ಕೈ ಕೊಡುವುದು, ಪೇಪರನ್ನು ಮಾರು ದೂರ ಹಿಡಿಯುವುದು, ಸಾಯನ್ ಸ್ಟೇಷನ್ನಿನ ಮೆಟ್ಟಿಲಲ್ಲಿ ಕಂಬಿಯ ಬದಿಯನ್ನೇ ಹುಡುಕುವುದು ಯಾವಾಗ ಶುರುವಾಯಿತೋ! ಒಳಗಿನ ಯಾರೋ ನನ್ನನ್ನು ಕೇಳದೆ ಬರೆದುಕೊಂಡಿದ್ದಾರೆ.

ಗಾಡಿಗೆ ಒಂದು ಅನುಕೂಲವಿದೆ, ನನಗಿಲ್ಲ. ಬ್ಯಾಟರಿ ಬದಲಿಸಿದ ದಿನ ಅದು ಕಲಿತದ್ದನ್ನೆಲ್ಲ ಮರೆತುಬಿಟ್ಟಿತು. ಇಂಜೆಕ್ಟರ್ ಹಳೆಯದು, ಮಸಿ ಹಳೆಯದು, ಲೆಕ್ಕ ಮಾತ್ರ ಕಾರ್ಖಾನೆಯಿಂದ ಹೊರಬಿದ್ದ ದಿನದ್ದು. ತಲೆಗೆ ಕಪ್ಪು ಬಳಿದುಕೊಂಡು ದಿಬ್ಬಣದಲ್ಲಿ ಕುಣಿಯಲು ಹೋದ ಸೋದರಮಾವನ ಹಾಗೆ ಹುರುಪಿನಿಂದ ಹೊರಟದ್ದು, ಸಾಯನ್ ಸಿಗ್ನಲ್ಲಿನಲ್ಲಿ ಏಸಿ ಹಾಕಿದ್ದೇ ತಡ, ಎರಡು ಸಲ ನಡುಗಿ ನಿಂತಿತು. ಹಿಂದೆ ಬೆಸ್ಟ್ ಬಸ್ಸು. ಅದರ ಹಿಂದಿನ ಟ್ಯಾಕ್ಸಿಯವನ ಶಬ್ದಭಂಡಾರವನ್ನು ಇಲ್ಲಿ ಅಚ್ಚು ಹಾಕುವಂತಿಲ್ಲ.

ಫೋನಿನಲ್ಲಿ ಮಿಸ್ತ್ರಿ ನಕ್ಕರು. “ಹೊಸಾದು ಅಂತ ತಿಳ್ಕೊಂಡದ ಸರ. ನಾಕು ದಿನ ಓಡಿಸ್ರಿ, ತನ್ನ ವಯಸ್ಸು ತಾನೇ ತಿಳ್ಕೋತದ.”

ತಿಳಿದುಕೊಂಡಿತು. ನನಗೆ ತುಸು ಬೇಜಾರೇ ಆಯಿತು.

ನೀವೂ ಹಳೆಯ ಕಾರಿನವರಾದರೆ ಬ್ಯಾಟರಿ ಬದಲಿಸಿದ ಮೇಲೆ ಏಸಿ ಹಾಕದೆ ಎಂಜಿನನ್ನು ನಿಂತಲ್ಲೇ ಕೊಂಚ ಹೊತ್ತು ಚಾಲೂ ಇಡಿ, ಆಮೇಲೆ ಏಸಿ ಹಾಕಿ ಇನ್ನಷ್ಟು ಹೊತ್ತು. ಖಾಲಿ ರಸ್ತೆ ಸಿಕ್ಕರೆ (ಮುಂಬಯಿಯಲ್ಲಿ!) ಒಂದು ಸುತ್ತು ಹಾಕಿ ಬನ್ನಿ. ಸಾಯನ್ ಸಿಗ್ನಲ್ಲು ಮರುದಿನಕ್ಕಿರಲಿ.