ಕಾಯುವುದೂ ಒಂದು ವಿದ್ಯೆ

ನಮ್ಮ ಪುತ್ತೂರು, ಸುಳ್ಯ, ಕಡಬದ ಅಂಗಳಗಳಲ್ಲಿ ಹಣ್ಣಡಿಕೆ ಒಣಗಲು ಸುಮಾರು 40-45 ದಿನದ ಬಿಸಿಲು ಬೇಕು. ಹಾಗೆಂದು ಬರೀ ದಿನ ಎಣಿಸಿ ಅಡಿಕೆ ಸುಲಿಯುವವರಿಲ್ಲ. ಮೋಡ ಕವಿದರೆ ಲೆಕ್ಕ ತಪ್ಪುತ್ತದೆ. ಕಿವಿಯ ಬಳಿ ಅಲುಗಿಸಿ ನೋಡಬೇಕು; ಒಳಗಿನ ಅಡಿಕೆ ಸಿಪ್ಪೆ ಬಿಟ್ಟು ಸದ್ದು ಮಾಡಿದರೆ ಒಣಗಿತೆಂದು ಅರ್ಥ.

ಕಾಯುವ ಈ ವಿದ್ಯೆ ಕಂಪ್ಯೂಟರಿಗೂ ಬೇಕೆಂದು ತಿಳಿದದ್ದು ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಂದ. ಬೆಂಗಳೂರಿನಲ್ಲಿ ಅವನಿಗೆ ವೆಬ್‌ಸೈಟುಗಳನ್ನು ಪರೀಕ್ಷಿಸುವ ಕೆಲಸ. ಮನುಷ್ಯನ ಬದಲು ಪ್ರೋಗ್ರಾಮೇ ಬ್ರೌಸರ್ ತೆರೆದು, ಅಕ್ಷರ ತುಂಬಿ, ಗುಂಡಿ ಒತ್ತುತ್ತದೆ. 2004ರಲ್ಲಿ ಷಿಕಾಗೊದಲ್ಲಿ ಜೇಸನ್ ಹಗಿನ್ಸ್ ಆರಂಭಿಸಿದ 'ಸೆಲೆನಿಯಂ' ಇಂಥದೊಂದು ಸಾಧನ. ಹೌದು, ಆವರ್ತ ಕೋಷ್ಟಕದ 34ನೆಯ ಧಾತುವಿನ ಹೆಸರೇ!

ಪ್ರೋಗ್ರಾಮಿಗೆ ಅವಸರ ಜಾಸ್ತಿ. ಪುಟ ಮೂಡುವ ಮೊದಲೇ ಗುಂಡಿ ಹುಡುಕಿ, 'ಇಲ್ಲ' ಎಂದುಬಿಡುತ್ತದೆ. ಪುಟ ಬಂತೆಂದು ಬ್ರೌಸರ್ ಹೇಳಿದರೂ ಸಾಲದು. ಮೊದಲು ಚೌಕಟ್ಟು ಬಂದು, ಒಳಗಿನ ಮಾಹಿತಿ ಸರ್ವರ್‌ನಿಂದ ಆಮೇಲೆ ಬರುವುದುಂಟು.

"ಐದು ಸೆಕೆಂಡು ಕಾಯಲು ಹೇಳಿದರಾಯಿತಲ್ಲ?" ಎಂದೆ.

"ಒಂದೇ ಸೆಕೆಂಡಿಗೆ ಬಂದರೆ ನಾಲ್ಕು ದಂಡ ಸರ್. ಆರನೆಯದಕ್ಕೆ ಬಂದರೆ ಪರೀಕ್ಷೆಯೇ ಫೇಲು" ಎಂದ.

ಪರಿಹಾರ ಸುಲಭ. 'ಗುಂಡಿ ಒತ್ತಲು ಸಿದ್ಧವಾಗುವ ತನಕ ಕಾಯಿ. ಹತ್ತು ಸೆಕೆಂಡಾದರೂ ಆಗದಿದ್ದರೆ ದೋಷವೆಂದು ತಿಳಿಸು' ಎಂದು ಬರೆಯುವುದು. ಆಗ ಸೆಲೆನಿಯಂ ಸಾಮಾನ್ಯವಾಗಿ ಅರ್ಧ ಸೆಕೆಂಡಿಗೊಮ್ಮೆ ಇಣುಕಿ ನೋಡುತ್ತದೆ, ಸಿದ್ಧವಾದೊಡನೆ ಮುಂದುವರಿಯುತ್ತದೆ. ಗಡುವೂ ಬೇಕು, ಇಲ್ಲವಾದರೆ ಕೆಟ್ಟ ಪುಟದ ಮುಂದೆ ಕಾಯುತ್ತಲೇ ಇದ್ದೀತು.

ಇದು ಬರೀ ಸೆಕೆಂಡುಗಳ ಉಳಿತಾಯವಲ್ಲ. ಕಾರಣವಿಲ್ಲದೆ ಇಂದು ಪಾಸು, ನಾಳೆ ಫೇಲಾಗುವ ಪರೀಕ್ಷೆಯನ್ನು ಯಾರೂ ನಂಬುವುದಿಲ್ಲ. ನಿಜವಾದ ದೋಷ ಸಿಕ್ಕಿದಾಗಲೂ 'ಇದರದ್ದು ಯಾವಾಗಲೂ ಇದ್ದದ್ದೇ' ಎಂದು ದಾಟಿಸಿಬಿಡುತ್ತಾರೆ. ಅದು ಕೊನೆಗೆ ಬಳಸುವವರ ತಲೆಗೆ ಬರುತ್ತದೆ. ಫಲಿತಾಂಶದ ದಿನ ಮಗುವಿನ ನೋಂದಣಿ ಸಂಖ್ಯೆ ಒತ್ತಿ, ಖಾಲಿ ಪುಟದ ಮುಂದೆ ಉಸಿರು ಬಿಗಿಹಿಡಿದು ಕುಳಿತ ತಂದೆತಾಯಿಗೆ ಆ ದೋಷದ ಬೆಲೆ ಗೊತ್ತು.

ಕಂಪ್ಯೂಟರ್ ಕಲಿಯುವ ಮಕ್ಕಳೇ, 'ಎಷ್ಟು ಹೊತ್ತು ಕಾಯಲಿ?' ಎನ್ನುವ ಮೊದಲು 'ಯಾವುದಕ್ಕಾಗಿ ಕಾಯಲಿ?' ಎಂದು ಕೇಳಿಕೊಳ್ಳಿ. ಪ್ರಯೋಗಾಲಯದಲ್ಲಿ ಆಮ್ಲಕ್ಕೆ ಪ್ರತ್ಯಾಮ್ಲವನ್ನು ಹನಿಹನಿಯಾಗಿ ಬಿಡುವಾಗ ನೀವು ಗಡಿಯಾರ ನೋಡುವುದಿಲ್ಲ. ಬಣ್ಣ ಯಾವಾಗ ಬದಲಾಗುತ್ತದೆಂದು ನೋಡುತ್ತೀರಿ.