ಪ್ರೀತಿಯೇ ಬಲೆಯಾದಾಗ

ಗೂಢಚಾರರ ಕಥೆಯೆಂದರೆ ಮೂಗು ಮುರಿಯುವವರು ನಮ್ಮಲ್ಲಿ ಅನೇಕರು. ಆದರೂ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಪಠ್ಯಪುಸ್ತಕದ ಮರೆಯಲ್ಲಿಟ್ಟು ಓದಿದವರು, 1968ರ ‘ಜೇಡರ ಬಲೆ’ಯಿಂದ 1978ರ ‘ಆಪರೇಷನ್ ಡೈಮಂಡ್ ರಾಕೆಟ್’ವರೆಗೆ ರಾಜ್‌ಕುಮಾರರ ಸಿ.ಐ.ಡಿ. 999ನನ್ನು ಮೆಚ್ಚಿದವರು ನಿಮ್ಮ ನಡುವೆಯೂ ಇರಬಹುದು. ಇಂಥ ಕಥೆಗಳ ಸೆಳೆತ ಸರಳವಾದುದು. ಒಳ್ಳೆಯವರಾರು, ಕೆಟ್ಟವರಾರು ಎಂಬುದು ಅಲ್ಲಿ ಕೊನೆಗೆ ಇತ್ಯರ್ಥವಾಗುತ್ತದೆ. ಬದುಕು ಕೊಡದ ಆ ನೆಮ್ಮದಿಯನ್ನು ಪುಸ್ತಕ ಕೊಡುತ್ತದೆ.

ಆ ನೆಮ್ಮದಿಯನ್ನು ನನ್ನಿಂದ ಕಸಿದುಕೊಂಡವನು ಜಾರ್ಜ್ ಸ್ಮೈಲಿ. ಬ್ರಿಟನ್ನಿನ ಗುಪ್ತಚರ ಇಲಾಖೆಯಲ್ಲಿ ಸ್ವತಃ ದುಡಿದಿದ್ದ ಜಾನ್ ಲೆ ಕಾರೆ 1961ರಿಂದ 2017ರವರೆಗೆ ಒಂಬತ್ತು ಕಾದಂಬರಿಗಳಲ್ಲಿ ಇವನನ್ನು ತಂದರು. ಕುಳ್ಳ, ಸ್ಥೂಲಕಾಯ, ದಪ್ಪ ಕನ್ನಡಕ, ಪಿಸ್ತೂಲು ಝಳಪಿಸುವವನಲ್ಲ. ಕಡತ ಓದುತ್ತಾನೆ, ಕೇಳಿಸಿಕೊಳ್ಳುತ್ತಾನೆ, ಕಾಯುತ್ತಾನೆ. 1974, 1977 ಮತ್ತು 1979ರಲ್ಲಿ ಬಂದ ಮೂರು ಕಾದಂಬರಿಗಳಲ್ಲಿ ಅವನ ಎದುರಾಳಿ ಸೋವಿಯತ್ ಗೂಢಚಾರ ಕಾರ್ಲಾ.

ಇವರಿಬ್ಬರ ಭೇಟಿ ನಡೆದದ್ದು ನಮ್ಮ ದೆಹಲಿಯ ಒಂದು ಸೆರೆಮನೆಯಲ್ಲಿ. ಪಕ್ಷ ಬದಲಿಸುವಂತೆ ಸ್ಮೈಲಿ ಎಷ್ಟು ಒತ್ತಾಯಿಸಿದರೂ ಕಾರ್ಲಾ ತುಟಿ ಬಿಚ್ಚುವುದಿಲ್ಲ. ಆದರೆ ಸ್ಮೈಲಿಯ ಪತ್ನಿ ಆ್ಯನ್ ಪ್ರೀತಿಯಿಂದ ಕೊಟ್ಟಿದ್ದ ಸಿಗರೇಟ್ ಲೈಟರನ್ನು ಇಟ್ಟುಕೊಂಡು ಹೋಗುತ್ತಾನೆ. ಸ್ಮೈಲಿಯ ಮರ್ಮಸ್ಥಾನ ಯಾವುದೆಂದು ಅಂದೇ ಅವನು ಅರಿತ. ಮುಂದೆ ತನ್ನ ಬೇಹುಗಾರನನ್ನು ಆ್ಯನಳ ಪ್ರಿಯಕರನಾಗುವಂತೆ ಮಾಡಿ, ಸ್ಮೈಲಿಯ ವಿವೇಚನೆಗೆ ಮಂಕು ಕವಿಸಿದ.

ಮೂರನೆಯ ಕಾದಂಬರಿಯಲ್ಲಿ ಚಕ್ರ ತಿರುಗುತ್ತದೆ. ಕಲ್ಲೆದೆಯ ಕಾರ್ಲಾನಿಗೂ ಮಾನಸಿಕ ಅಸ್ವಸ್ಥಳಾದ ಮಗಳೊಬ್ಬಳಿದ್ದಾಳೆ. ಅವಳನ್ನು ಗುಟ್ಟಾಗಿ ಸ್ವಿಟ್ಜರ್ಲೆಂಡಿನ ಆರೈಕೆಗೃಹದಲ್ಲಿ ಇರಿಸಿದ್ದಾನೆ. ಸ್ಮೈಲಿ ಆ ವಾತ್ಸಲ್ಯವನ್ನೇ ಗಾಳವಾಗಿಸುತ್ತಾನೆ. ಕಾರ್ಲಾ ಬರ್ಲಿನ್ನಿನ ಸೇತುವೆ ದಾಟಿ ಶರಣಾಗುತ್ತಾನೆ. ಆ ಹಳೆಯ ಲೈಟರ್ ನೆಲಕ್ಕೆ ಬೀಳುತ್ತದೆ. ಸ್ಮೈಲಿ ಅದನ್ನು ಎತ್ತಿಕೊಳ್ಳುವುದಿಲ್ಲ. ನೀನು ಗೆದ್ದೆ ಎಂದು ಗೆಳೆಯ ಹೇಳಿದರೆ, ಅನುಮಾನಿಸುತ್ತಲೇ ಒಪ್ಪಿಕೊಳ್ಳುತ್ತಾನೆ.

ಕಾರ್ಲಾ ಸೋತದ್ದು ಅವನು ತಂದೆಯಾದ ಕಾರಣ. ಸ್ಮೈಲಿ ಗೆದ್ದದ್ದು ಅವನು ಕಾರ್ಲಾನಂತಾದ ಕಾರಣ. ಓದುಗರೇ, ಯೂದನು ಪ್ರಭುವನ್ನು ಹಿಡಿದುಕೊಟ್ಟದ್ದೂ ಮುದ್ದಿನ ಗುರುತಿನಿಂದಲೇ ಅಲ್ಲವೇ?

ಇದು ದೂರದೇಶದ ಮಾತಷ್ಟೇ ಅಲ್ಲ. 1966ರಿಂದ ನಮ್ಮ ಮುಂಡಗೋಡಿನ ಬಳಿ ಟಿಬೆಟಿನ ನಿರಾಶ್ರಿತರು ನೆಲೆಸಿದ್ದಾರೆ. ಅವರ ನಾಡಿನ ಹೋರಾಟಗಾರರಿಗೆ ಅಮೆರಿಕದ ಗುಪ್ತಚರ ಸಂಸ್ಥೆ 1950ರ ದಶಕದ ಕೊನೆಯಲ್ಲಿ ತರಬೇತಿ, ಆಯುಧ ಕೊಟ್ಟಿತು. 1970ರ ದಶಕದಲ್ಲಿ ಅಮೆರಿಕಕ್ಕೆ ಚೀನಾದ ಸ್ನೇಹ ಬೇಕಾಯಿತು. ಆ ನೆರವು ನಿಂತುಹೋಯಿತು. ತಾಯ್ನಾಡಿನ ಮೇಲಿನ ಪ್ರೀತಿಯೂ ಹೀಗೆ ಬೇರೆಯವರ ದಾಳವಾಗಬಲ್ಲದು.

ಇನ್ನು ನಮ್ಮ ಚಿಗಳ್ಳಿಯಂಥ ಊರಿನಲ್ಲಿ ಬೇಹುಗಾರರೇ ಬೇಕಿಲ್ಲ. ಯಾರ ಎದೆಯಲ್ಲಿ ಎಲ್ಲಿ ನೋವಿದೆಯೆಂದು ಎಲ್ಲರಿಗೂ ಗೊತ್ತು. ಒಮ್ಮೆ ಬಂಧುಗಳ ಮನೆಯ ಆಸ್ತಿಪಾಲಿನ ಮಾತುಕತೆಯಲ್ಲಿ ಕುಳಿತಿದ್ದೆ. ಕಿರಿಯನಿಗೆ ತಾಯಿಯೆಂದರೆ ಪ್ರಾಣ. “ಈ ಜಗಳದಲ್ಲಿ ಅವ್ವನ ಜೀವ ಹೋದರೆ ನೀನೇ ಹೊಣೆ” ಎಂದ ಹಿರಿಯ. ಕಿರಿಯ ಮರುಮಾತಿಲ್ಲದೆ ಸಹಿ ಹಾಕಿದ. ಗದ್ದೆ ಹಿರಿಯನಿಗೆ ಬಂತು. ಆ ವರ್ಷದ ಕ್ರಿಸ್ಮಸ್ಸಿಗೆ ಆ ಮನೆಯ ಊಟದ ಪಂಕ್ತಿಯಲ್ಲಿ ತಮ್ಮನಿರಲಿಲ್ಲ.

ಲೆ ಕಾರೆ 2020ರಲ್ಲಿ ತೀರಿಕೊಂಡರು. ಅದಕ್ಕೆ ಮೂರು ವರ್ಷ ಮೊದಲು ಬಂದ ಸ್ಮೈಲಿಯ ಕೊನೆಯ ಕಾದಂಬರಿಯಲ್ಲಿ, ಹಳೆಯ ಕಾರ್ಯಾಚರಣೆಯೊಂದರಲ್ಲಿ ಸತ್ತವರ ಮಕ್ಕಳು ಲೆಕ್ಕ ಕೇಳಲು ಬರುತ್ತಾರೆ. ಪತ್ತೇದಾರಿ ಕಥೆ ಕೋಳ ತೊಡಿಸಿ ಮುಗಿಯುತ್ತದೆ. ಈ ಮಾಲೆ ಮುಗಿಯುವುದು ಮಕ್ಕಳ ಪ್ರಶ್ನೆಯೊಂದಿಗೆ. ಇದರ ನಿಜವಾದ ಆಕರ್ಷಣೆಯೂ ಅದೇ ಎಂದು ನನ್ನ ಭಾವನೆ.

ಇನ್ನೊಬ್ಬರ ಮರ್ಮ ತಿಳಿದಿರುವುದೇ ಪಾಪವಲ್ಲ. ಪೇತ್ರನ ಅಳುಕನ್ನು ಪ್ರಭು ಮೊದಲೇ ಬಲ್ಲವರಾಗಿದ್ದರು. ತಿಬೇರಿಯ ಸರೋವರದ ದಡದಲ್ಲಿ, ಕೆಂಡದ ಬಳಿ, ಮೂರು ಸಲ ನಿರಾಕರಿಸಿದವನನ್ನು ಮೂರು ಸಲ ಪ್ರೀತಿಯ ಕುರಿತೇ ಕೇಳಿದರು. ಆದರೆ ಆ ಪ್ರಶ್ನೆಯಿಂದ ಅವನನ್ನು ಬಲೆಗೆ ಕೆಡವಲಿಲ್ಲ. ತಮ್ಮ ಕುರಿಮಂದೆಯನ್ನೇ ಅವನ ಕೈಗೆ ಒಪ್ಪಿಸಿದರು.