ಬುಡ ನೋಡಿ ಬಿಲ್ಡ್ ಹಾಕು

ಯಾರ ಮನೆಗೆ ಹೋದರೂ ನನ್ನ ಕಣ್ಣು ಮೊದಲು ಹುಡುಕುವುದು ಟಿವಿಯ ಪಕ್ಕ ಮಿಣುಕುವ ವೈಫೈ ರೂಟರನ್ನು. ಕಾಫಿ ಬರುವಷ್ಟರಲ್ಲಿ ಅದನ್ನು ಮಗುಚಿ ಬುಡದ ಚೀಟಿ ಓದಿ ಮುಗಿಸಿರುತ್ತೇನೆ. ಕಂಪನಿ ಹಾಕಿ ಕಳಿಸಿದ ಫರ್ಮ್‌ವೇರ್ ತೆಗೆದು ಇದಕ್ಕೆ ಓಪನ್‌ಡಬ್ಲ್ಯುಆರ್‌ಟಿಯನ್ನೋ ಡಿಡಿ-ಡಬ್ಲ್ಯುಆರ್‌ಟಿಯನ್ನೋ ಹಾಕಬಹುದೇ, ಹಾಕುವುದಾದರೆ ಯಾವ ಬಿಲ್ಡ್ ಎಂಬ ಲೆಕ್ಕಾಚಾರ ಆಗಲೇ ತಲೆಯೊಳಗೆ ಶುರು. ಹಾಕುವುದು ನಾಲ್ಕೈದು ನಿಮಿಷದ ಕೆಲಸ. ಆರಿಸುವುದಕ್ಕೆ ಮಾತ್ರ ಇಡೀ ಭಾನುವಾರ ಬೇಕು, ಸುಖ ಇರುವುದೂ ಅದರಲ್ಲೇ.

“ಬರ್ತಿರೋ ನೆಟ್ಟನ್ನ ಯಾಕ್ರೀ ಕೆಡಿಸ್ತೀರಾ?” ಎಂದು ಮನೆಯಾಕೆ ಕೇಳುತ್ತಾಳೆ. ನ್ಯಾಯವಾದ ಪ್ರಶ್ನೆ. ಆದರೆ ಕಂಪನಿಯವರು ಪೆಟ್ಟಿಗೆ ಮಾರಿದ ಕೆಲವು ವರ್ಷಕ್ಕೆ ಅದರ ಸಾಫ್ಟ್‌ವೇರನ್ನು ತಿರುಗಿಯೂ ನೋಡುವುದಿಲ್ಲ. ಯಂತ್ರ ಗುಂಡುಕಲ್ಲಿನ ಹಾಗಿರುತ್ತದೆ, ಭದ್ರತೆಯ ತೂತುಗಳು ಹಾಗೇ ಉಳಿಯುತ್ತವೆ. ಆ ತೂತುಗಳನ್ನು ಮುಚ್ಚುವ ಕೆಲಸವನ್ನು ಸಂಬಳವಿಲ್ಲದೆ ಮಾಡುವ ಜನ ಜಗತ್ತಿನಲ್ಲಿದ್ದಾರೆ ಎಂಬುದೇ ನನಗೆ ಈ ಹುಚ್ಚು ಹಿಡಿಸಿದ್ದು.

ಹುಚ್ಚಿನ ಮೂಲಪುರುಷ ಲಿಂಕ್‌ಸಿಸ್ ಕಂಪನಿಯ ಡಬ್ಲ್ಯುಆರ್‌ಟಿ54ಜಿ ಎಂಬ ನೀಲಿ-ಕಪ್ಪು ಪೆಟ್ಟಿಗೆ. ಅದು ಮಾರುಕಟ್ಟೆಗೆ ಬಂದದ್ದು 2002ರ ಕೊನೆಗೆ. ಒಳಗೆ ಓಡುತ್ತಿರುವುದು ಲಿನಕ್ಸ್ ಎಂದು ಮರುವರ್ಷ ಕೆಲವರು ಪತ್ತೆ ಮಾಡಿದರು. ಲಿನಕ್ಸಿನ ಜಿಪಿಎಲ್ ಪರವಾನಗಿಯ ಪ್ರಕಾರ ಅದರ ಸೋರ್ಸ್ ಕೋಡ್ ಕೊಡಲೇಬೇಕು ಎಂದು ಪಟ್ಟು ಹಿಡಿದರು, ಕಂಪನಿ ಕೊಟ್ಟಿತು. 2004ರಲ್ಲಿ ಅದೇ ಕೋಡಿನಿಂದ ಓಪನ್‌ಡಬ್ಲ್ಯುಆರ್‌ಟಿ ಹುಟ್ಟಿತು. ಹೆಸರಿನ ಬಾಲ ಆ ಪೆಟ್ಟಿಗೆಯದೇ. ಐದನೇ ವರ್ಶನ್ನಿನಲ್ಲಿ ಕಂಪನಿ ಲಿನಕ್ಸನ್ನೇ ಕೈಬಿಟ್ಟು, ಮೆಮೊರಿಯನ್ನು ಅರ್ಧಕ್ಕೆ ಇಳಿಸಿತು. ಹೊರಗಿನ ಹೆಸರು ಮಾತ್ರ ಅದೇ. ಹೆಸರು ನಂಬಿ ಕೊಂಡವರಿಗೆ ಬುಡದ ಚೀಟಿ ಓದುವ ಬುದ್ಧಿ ಬಂದದ್ದು ಆಗ.

ಈಗಲೂ ಕಥೆ ಅದೇ. ಟಿಪಿ-ಲಿಂಕ್‌ನ ಆರ್ಚರ್ ಸಿ6 ನೋಡಿ. ಡಬ್ಬಿ ಒಂದೇ, ಆಂಟೆನಾ ಒಂದೇ. ವರ್ಶನ್ 2ರೊಳಗೆ ಕ್ವಾಲ್‌ಕಾಮ್ ಚಿಪ್, ವರ್ಶನ್ 3ರೊಳಗೆ ಮೀಡಿಯಾಟೆಕ್ ಚಿಪ್. ವರ್ಶನ್ 2ರಲ್ಲೇ ಯುರೋಪಿನ ಮಾದರಿಗೆ ಒಂದು ಫೈಲು, ಅಮೆರಿಕದ ಮಾದರಿಗೆ ಇನ್ನೊಂದು. ಸರ್ವೆ ನಂಬರು ಒಂದೇ, ಹಿಸ್ಸಾ ಬೇರೆ. ಪಹಣಿ ನೋಡದೆ ಅಡ್ವಾನ್ಸ್ ಕೊಟ್ಟವರ ಪಾಡು ಏನಾಗುತ್ತದೋ ಇಲ್ಲೂ ಅದೇ ಆಗುತ್ತದೆ. ಚೀಟಿಯಲ್ಲಿ ಮಾದರಿಯ ಹೆಸರಿನ ಬೆನ್ನಿಗೇ ‘ಇಯು’ ಎಂದಿದೆಯೋ ‘ಯುಎಸ್’ ಎಂದಿದೆಯೋ ಎಂದು ಮೊಬೈಲಿನ ಟಾರ್ಚ್ ಬಿಟ್ಟು ನೋಡಬೇಕು. ಇರುವೆಯ ಕಾಲಿನಷ್ಟು ಸಣ್ಣ ಅಕ್ಷರ.

ಆಮೇಲೆ ಮೆಮೊರಿ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಕಾಣುವ ಎರಡು ಆಂಟೆನಾದ ಬಿಳಿ ಟಿಎಲ್-ಡಬ್ಲ್ಯುಆರ್841ಎನ್‌ನ ಹಲವು ವರ್ಶನ್‌ಗಳಲ್ಲಿ 4 ಎಂಬಿ ಫ್ಲ್ಯಾಶ್, 32 ಎಂಬಿ ರ‍್ಯಾಮ್. 19.07 ಬಿಡುಗಡೆಯ ನಂತರ ಓಪನ್‌ಡಬ್ಲ್ಯುಆರ್‌ಟಿ ಅಂಥವಕ್ಕೆ ಕೈಮುಗಿದುಬಿಟ್ಟಿತು. ಎಸ್.ಪಿ. ರಸ್ತೆಯಲ್ಲಿ ಸೆಕೆಂಡ್‌ಹ್ಯಾಂಡ್ ಪೆಟ್ಟಿಗೆ ಅಗ್ಗಕ್ಕೆ ಸಿಕ್ಕಿತೆಂದು ಹಿಗ್ಗುವವರಿಗೆ ನನ್ನ ಮಾತು ಇಷ್ಟೇ: 16 ಎಂಬಿ ಫ್ಲ್ಯಾಶ್, 128 ಎಂಬಿ ರ‍್ಯಾಮಿಗಿಂತ ಕಡಿಮೆಯಿದ್ದರೆ ಪುಕ್ಕಟೆ ಕೊಟ್ಟರೂ ಬೇಡ. ಬ್ರಾಡ್‌ಕಾಮ್ ಚಿಪ್ ಇದ್ದರೆ ದಾರಿಯೇ ಬೇರೆ. ಅದರ ವೈಫೈ ಡ್ರೈವರಿನ ಗುಟ್ಟನ್ನು ಕಂಪನಿ ಬಿಡುವುದಿಲ್ಲ, ಆದ್ದರಿಂದ ಓಪನ್‌ಡಬ್ಲ್ಯುಆರ್‌ಟಿ ಅಲ್ಲಿ ಕುಂಟುತ್ತದೆ. ಡಿಡಿ-ಡಬ್ಲ್ಯುಆರ್‌ಟಿಯೋ ಫ್ರೆಶ್‌ಟೊಮ್ಯಾಟೊವೋ ವಾಸಿ. ಏಸಸ್ ಪೆಟ್ಟಿಗೆಯಾದರೆ ಮರ್ಲಿನ್.

ಕೊನೆಗೆ ಯಾವ ಬಿಡುಗಡೆ? ಹಿಂದೆ ಓಪನ್‌ಡಬ್ಲ್ಯುಆರ್‌ಟಿಯವರು ಬಿಡುಗಡೆಗಳಿಗೆ ಕಾಕ್‌ಟೇಲ್‌ಗಳ ಹೆಸರಿಡುತ್ತಿದ್ದರು: ವೈಟ್ ರಷ್ಯನ್, ಕಾಮಿಕಾಜೆ. ಲಾಗಿನ್ ಆದರೆ ಕಪ್ಪು ಪರದೆಯ ಮೇಲೆ ಅದನ್ನು ಬೆರೆಸುವ ವಿಧಾನವೂ ಬರುತ್ತಿತ್ತು. ಈಗ ಬರೀ ಇಸವಿ, ತಿಂಗಳು. ಅದೂ ಹೊರಬಂದ ತಿಂಗಳಲ್ಲ: 23.05 ಜನರ ಕೈಗೆ ಸಿಕ್ಕಿದ್ದು 2023ರ ಅಕ್ಟೋಬರಿನಲ್ಲಿ, 24.10 ಸಿಕ್ಕಿದ್ದು 2025ರ ಫೆಬ್ರುವರಿಯಲ್ಲಿ. ಈ ನಿಧಾನವೇ ನನಗಿಷ್ಟ. ದಿನದಿನವೂ ಹುಟ್ಟುವ ಸ್ನ್ಯಾಪ್‌ಶಾಟ್ ಬಿಲ್ಡ್ ಹಾಕಿಕೊಳ್ಳುವ ಉತ್ಸಾಹಿಗಳಿದ್ದಾರೆ; ಅದರಲ್ಲಿ ಲೂಸಿ ಎಂಬ ವೆಬ್ ಪರದೆಯೂ ಇರುವುದಿಲ್ಲ, ಎಲ್ಲ ಕಮಾಂಡ್ ಬರೆದೇ ಮಾಡಬೇಕು. ನನ್ನ ಮಟ್ಟಿಗೆ ಸರಣಿಯಲ್ಲಿ ಮೊದಲು ಬರುವ, ಕೊನೆಯಲ್ಲಿ ‘.0’ ಇರುವ ಬಿಡುಗಡೆಯೂ ಬೇಡ. ಎರಡೋ ಮೂರೋ ಆಗಲಿ, ಅಷ್ಟರಲ್ಲಿ ಅವಸರದವರು ಎಡವಿ ಎದ್ದಿರುತ್ತಾರೆ.

ಇಷ್ಟೆಲ್ಲ ಮಾಡಿ ಸಿಗುವುದೇನು ಎಂದರೆ, ನಮ್ಮ ಮನೆಯ ಮಟ್ಟಿಗೆ ಒಂದೇ ಮಾತು: ಕೇಕ್. ತಿನ್ನುವುದಲ್ಲ, ಡೇಟಾದ ಸಾಲನ್ನು ಅಚ್ಚುಕಟ್ಟು ಮಾಡುವ ವ್ಯವಸ್ಥೆ. ಮಗಳು ದೊಡ್ಡ ವಿಡಿಯೊ ಅಪ್‌ಲೋಡ್ ಮಾಡಲು ಕೂತರೆ ಮಾಮೂಲಿ ರೂಟರ್ ಬಂದದ್ದನ್ನೆಲ್ಲ ಒಂದೇ ಸಾಲಿನಲ್ಲಿ ನಿಲ್ಲಿಸಿಕೊಳ್ಳುತ್ತದೆ, ನನ್ನ ಫೋನಿನ ಮಾತು ಹಿಂದೆ ಸಿಕ್ಕಿಬಿದ್ದು ತುಂಡುತುಂಡಾಗುತ್ತದೆ. ಕೇಕ್ ಹಾಗಲ್ಲ, ಪ್ರತಿಯೊಬ್ಬರ ಸಂಪರ್ಕಕ್ಕೂ ಬೇರೆ ಸಾಲು ಮಾಡಿ ಸರದಿಯಂತೆ ಬಿಡುತ್ತದೆ. ಇಂಟರ್‌ನೆಟ್ಟಿನ ವೇಗದ ಶೇ 90ರಷ್ಟನ್ನು ಮಿತಿಯಾಗಿ ಕೊಟ್ಟರೆ ಮೊದಲಿಗೆ ಸಾಕು. ವೇಗ ಚೂರು ಕಡಿಮೆ, ಜಗಳ ಬಹಳ ಕಡಿಮೆ.

ಮಾಡಲು ಹೊರಟವರಿಗೆ ನಾಲ್ಕು ಮಾತು. ಫೈಬರ್ ಕೊಟ್ಟವರು ಗೋಡೆಗೆ ಬಡಿದ ಪೆಟ್ಟಿಗೆಯನ್ನು ಮುಟ್ಟಬೇಡಿ, ನಿಮ್ಮದನ್ನು ಅದರ ಹಿಂದೆ ಕೂರಿಸಿ. ಮೊದಲ ಸಲಕ್ಕೆ ‘ಫ್ಯಾಕ್ಟರಿ’ ಎಂಬ ಹೆಸರಿನ ಫೈಲು. ‘ಸಿಸ್‌ಅಪ್‌ಗ್ರೇಡ್’ ಎಂಬುದು ಈಗಾಗಲೇ ಓಪನ್‌ಡಬ್ಲ್ಯುಆರ್‌ಟಿ ಇರುವ ಪೆಟ್ಟಿಗೆಗೆ. ಕರೆಂಟು ಹೋಗುವ ಹೊತ್ತಿನಲ್ಲಿ ಯುಪಿಎಸ್ ಇಲ್ಲದೆ ಕೈ ಹಾಕಬೇಡಿ. ಹಾಕಿದ ಮೇಲೆ ವೈಫೈ ಕಾಣಿಸಲಿಲ್ಲವೆಂದು ಗಾಬರಿಯಾಗಬೇಡಿ, ಹೆಚ್ಚಿನ ಪೆಟ್ಟಿಗೆಗಳಲ್ಲಿ ಅದು ಮೊದಲಿಗೆ ಆಫ್ ಆಗಿಯೇ ಇರುತ್ತದೆ. ಕೇಬಲ್ ಹಾಕಿ 192.168.1.1ಕ್ಕೆ ಹೋಗಿ. ಪಾಸ್‌ವರ್ಡ್ ಇರುವುದಿಲ್ಲ, ಮೊದಲು ಅದನ್ನು ಹಾಕಿ, ವೈಫೈ ಆಮೇಲೆ.